ಬಿದ್ದ ಗಾಡಿಯನ್ನು ಎತ್ತುವವರು ಯಾರು?

‘ಮೊದಲಿಗೆ ಇನ್ನೂರು ಸಿಸಿ ತಗೊಳ್ಳಿ, ಕೈ ಪಳಗಲಿ. ಎರಡು ವರ್ಷ ಬಿಟ್ಟು ನಾನ್ನೂರೈವತ್ತಕ್ಕೆ ಹೋಗಿ. ಆಮೇಲೆ ದುಡ್ಡು ಕೂಡಿಬಂದರೆ ಬಿಎಂಡಬ್ಲ್ಯು ಇದ್ದೇ ಇದೆ.’ ಟಾರಿನ ಮೇಲೂ ಮಣ್ಣಿನ ಮೇಲೂ ಓಡುವಂಥ ಬೈಕು ಬೇಕು ಎಂದು ಯಾರನ್ನೇ ಕೇಳಿ, ಸಿಗುವ ಉಪದೇಶ ಇದೇ. ಶೋರೂಮಿನ ಹುಡುಗ ಹೇಳುವುದು ಇದನ್ನೇ, ರೈಡಿಂಗ್ ಕ್ಲಬ್ಬಿನ ಹಿರಿಯರು ಹೇಳುವುದೂ ಇದನ್ನೇ. ಎಂಜಿನ್ ದೊಡ್ಡದಾದಷ್ಟೂ ಗಾಡಿ ಸಮರ್ಥ, ಹಗುರದ್ದು ಕಲಿಯುವವರಿಗೆ, ಭಾರದ್ದು ಕಲಿತವರಿಗೆ ಎಂಬ ನಂಬಿಕೆ ಇದರ ಬುಡದಲ್ಲಿದೆ. ಈ ನಂಬಿಕೆ ಪೂರ್ತಿ ತಪ್ಪು ಎಂದು ನಾನು ವಾದಿಸುತ್ತೇನೆ. ಮಣ್ಣಿನ ದಾರಿಗೆ ಇಳಿಯಬೇಕೆಂದು ಆಸೆಪಟ್ಟ ಎಷ್ಟೋ ಜನರನ್ನು ಅದು ಟಾರಿನ ಅಂಚಿನಲ್ಲೇ ನಿಲ್ಲಿಸಿಬಿಟ್ಟಿದೆ.

ಬೈಕುಗಳನ್ನು ಹೋಲಿಸುವ ಯಾವ ಲೇಖನ, ಯಾವ ವಿಡಿಯೊ ಬೇಕಾದರೂ ನೋಡಿ. ಪಟ್ಟಿಯ ನೆತ್ತಿಯಲ್ಲಿ ಸಿಸಿ, ಅದರ ಕೆಳಗೆ ಪಿಎಸ್, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು, ಗರಿಷ್ಠ ವೇಗ ಎಷ್ಟು, ಪರದೆಯಲ್ಲಿ ನಕ್ಷೆ ಬರುತ್ತದೋ ಇಲ್ಲವೋ. ತೂಕ ಎಲ್ಲೋ ತಳದಲ್ಲಿ, ಟ್ಯಾಂಕಿಗೆ ಎಷ್ಟು ಲೀಟರ್ ಹಿಡಿಯುತ್ತದೆ ಎಂಬುದರ ಪಕ್ಕ ಇರುತ್ತದೆ. ಹೆದ್ದಾರಿಗಷ್ಟೇ ಮೀಸಲಾದ ಬೈಕಿನ ವಿಷಯದಲ್ಲಿ ಈ ಕ್ರಮ ನಡೆದೀತು. ಮಣ್ಣಿಗೂ ಇಳಿಯಬೇಕಾದ ಗಾಡಿಯಲ್ಲಿ ಮೊದಲು ಓದಬೇಕಾದ ಅಂಕಿ ತೂಕದ್ದು. ಮಿಕ್ಕ ಅಂಕಿಗಳಿಗೆಲ್ಲ ಅರ್ಥ ಬರುವುದು ಅದರ ಜೊತೆಗಿಟ್ಟು ಓದಿದಾಗ.

ಈಗ ನಮ್ಮಲ್ಲಿ ಸಿಗುವ ಗಾಡಿಗಳನ್ನು ತೂಕದ ಕ್ರಮದಲ್ಲಿ ನಿಲ್ಲಿಸೋಣ. ಕವಾಸಾಕಿ ಕೆಎಲ್‌ಎಕ್ಸ್ 230 ತೂಗುವುದು 139 ಕೆ.ಜಿ., ಶಕ್ತಿ 18 ಪಿಎಸ್. ಹೀರೊ ಎಕ್ಸ್‌ಪಲ್ಸ್ 200 4ವಿ ಸುಮಾರು 158 ಕೆ.ಜಿ., 19 ಪಿಎಸ್. 2025ರಲ್ಲಿ ಬಂದ ಎಕ್ಸ್‌ಪಲ್ಸ್ 210 ಹೆಚ್ಚುಕಡಿಮೆ 170 ಕೆ.ಜಿ., 24.6 ಪಿಎಸ್. ಹೊಸ ಕೆಟಿಎಂ 390 ಅಡ್ವೆಂಚರ್ 183ರ ಆಸುಪಾಸು, 46 ಪಿಎಸ್. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ತೂಕ 196, ಶಕ್ತಿ 40. ಉಪದೇಶದ ಕೊನೆಯ ಮೆಟ್ಟಿಲಾದ ಬಿಎಂಡಬ್ಲ್ಯು ಆರ್ 1300 ಜಿಎಸ್ 237 ಕೆ.ಜಿ., 145 ಪಿಎಸ್. ಇದೆಲ್ಲ ಕಾರ್ಖಾನೆಯಿಂದ ಬಂದಾಗಿನ ತೂಕ. ಕ್ರ್ಯಾಶ್ ಗಾರ್ಡ್, ಕೆಳಗಿನ ತಗಡು, ಎರಡೂ ಪಕ್ಕಕ್ಕೆ ಅಲ್ಯುಮಿನಿಯಂ ಪೆಟ್ಟಿಗೆ, ಅದರೊಳಗೆ ಬಟ್ಟೆ, ಉಪಕರಣ, ನೀರು ಎಂದು ಸೇರಿಸುತ್ತ ಹೋದರೆ ಇಪ್ಪತ್ತು ಮೂವತ್ತು ಕೆ.ಜಿ. ಕೂಡಿಕೊಳ್ಳುವುದು ಗೊತ್ತೇ ಆಗುವುದಿಲ್ಲ.

ಈ ಅಂಕಿಗಳು ದಾರಿಯಲ್ಲಿ ಏನು ಮಾಡುತ್ತವೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಮೂಡಿಗೆರೆ ಸೀಮೆಯ ಒಂದು ತೋಟದ ದಾರಿ, ಆಗಸ್ಟ್ ತಿಂಗಳು. ಜೀಪಿನ ಎರಡು ಜಾಡು, ನಡುವೆ ಹುಲ್ಲಿನ ದಿಂಡು, ಜಾಡಿನೊಳಗೆ ಪಾಚಿಗಟ್ಟಿದ ಕಲ್ಲು, ಕಲ್ಲಿನ ಮೇಲೆ ತೆಳ್ಳಗೆ ಕೆಂಪು ರಾಡಿ. ಏರು ಹತ್ತುವಾಗ ಮುಂದಿನ ಚಕ್ರ ಕಲ್ಲಿನಿಂದ ಪಕ್ಕಕ್ಕೆ ಜಾರಿತು ಅನ್ನಿ. ಗಾಡಿ ನಿಲ್ಲುತ್ತದೆ, ಸವಾರ ಕಾಲೂರಲು ಹೋಗುತ್ತಾನೆ, ಊರಬೇಕಾದ ಕಡೆ ನೆಲ ಒಂದಡಿ ಕೆಳಗಿರುತ್ತದೆ. ನಡೆಯುವ ವೇಗಕ್ಕಿಂತ ನಿಧಾನವಾಗಿ, ಗಾಯವಿಲ್ಲದೆ ಬೀಳುವುದು ಹೀಗೆ. ಮಣ್ಣಿನ ದಾರಿಯಲ್ಲಿ ಇದು ಅಪಘಾತದ ಲೆಕ್ಕಕ್ಕೆ ಬರುವುದಿಲ್ಲ, ಸವಾರಿಯ ಒಂದು ಭಾಗ. ಆಮೇಲೆ ಮಾಡಬೇಕಾದದ್ದು: ಕೀ ಆಫ್ ಮಾಡಿ, ಗಾಡಿ ಹಿಂದಕ್ಕೆ ಉರುಳದ ಹಾಗೆ ಗೇರಿನಲ್ಲೇ ಬಿಟ್ಟು, ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡನ್ನು ಮೊದಲೇ ತೆಗೆದಿಟ್ಟು, ಸೀಟಿಗೆ ಬೆನ್ನು ಕೊಟ್ಟು ಕುಕ್ಕರಿಸಬೇಕು. ಒಂದು ಕೈ ಹ್ಯಾಂಡಲಿನ ತುದಿಗೆ, ಇನ್ನೊಂದು ಹಿಂದಿನ ಹಿಡಿಗೆ. ತೊಡೆಯ ಬಲದಿಂದ ಹಿಂದಕ್ಕೆ ಪುಟ್ಟ ಪುಟ್ಟ ಹೆಜ್ಜೆ ಇಡುತ್ತ ಏಳಬೇಕು. ಬೂಟಿನ ಹಿಮ್ಮಡಿ ರಾಡಿಯಲ್ಲಿ ಜಾರುತ್ತಲೇ ಇರುತ್ತದೆ.

ನೂರೈವತ್ತು ಕೆ.ಜಿ.ಯ ಗಾಡಿ ಸಾಧಾರಣ ಮೈಕಟ್ಟಿನ ಒಬ್ಬರ ಕೈಯಲ್ಲಿ ಹೀಗೆ ಎದ್ದು ನಿಲ್ಲುತ್ತದೆ. ಇನ್ನೂರರ ಮೇಲಿನದು ಮೊದಲ ಸಲ ಎದ್ದೀತು. ಎರಡನೆಯ ಸಲ ಉಸಿರು ಕಟ್ಟುತ್ತದೆ. ಮೂರನೆಯ ಸಲಕ್ಕೆ ತೋಳಿನಲ್ಲಿ ಕಸುವಿರುವುದಿಲ್ಲ, ಕಸುವಿಲ್ಲದ ತೋಳು ಹ್ಯಾಂಡಲನ್ನು ಹಿಡಿತದಲ್ಲಿಡುವುದಿಲ್ಲ, ನಾಲ್ಕನೆಯ ಸಲ ಬೀಳುವುದು ಆ ಕಾರಣಕ್ಕೇ. ಆ ಏರಿನಲ್ಲಿ ನಮ್ಮ ಗುಂಪಿನ ಅತ್ಯಂತ ಗಟ್ಟಿಮುಟ್ಟಾದ, ಅತ್ಯಂತ ನುರಿತ ಸವಾರ ಹೆಲ್ಮೆಟ್ ತೆಗೆದು ಕಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದುದನ್ನು ನೋಡಿದ್ದೇನೆ. ಕಾಲುಚೀಲದೊಳಗೆ ಉಂಬಳ ಸೇರಿಕೊಂಡದ್ದೂ ಅವರಿಗೆ ಗೊತ್ತಾಗಿರಲಿಲ್ಲ. ಗಾಡಿ ಎದ್ದದ್ದು ತೋಟದ ಕೆಲಸದವರು ಬಂದು ಕೈಜೋಡಿಸಿದ ಮೇಲೆ. ಅದೇ ಏರಿನಲ್ಲಿ, ಅದೇ ಹೊತ್ತಿನಲ್ಲಿ ತೋಟದ ರೈಟರು ಟಿವಿಎಸ್ ಎಕ್ಸ್‌ಎಲ್ ಮೇಲೆ ಬಂದರು. ಕಷ್ಟದ ಕಡೆ ಇಳಿದು, ಎಂಜಿನ್ ಓಡಿಸುತ್ತಲೇ ಪಕ್ಕದಲ್ಲಿ ನಡೆದು ತಳ್ಳಿಕೊಂಡು, ಮೇಲೆ ಹತ್ತಿ ಹೋದರು. ಆ ಏರು ಕೇಳುತ್ತಿದ್ದದ್ದು ಏನನ್ನು ಎಂಬುದು ಅವರಿಗೆ ದಿನಾ ಗೊತ್ತಿರುವ ಸಂಗತಿ.

ತಿರುಗಿಸುವುದೂ ಅಷ್ಟೇ ಮುಖ್ಯ. ದಾರಿ ಮುಂದೆ ಕೊಚ್ಚಿಹೋಗಿದೆ, ಒಂದು ಕಡೆ ದರೆ, ಇನ್ನೊಂದು ಕಡೆ ಕೊರಕಲು. ಹಗುರ ಗಾಡಿಯಾದರೆ ಸೈಡ್ ಸ್ಟ್ಯಾಂಡ್ ಹಾಕಿ, ಅದರ ಮೇಲೆ ಭಾರ ಬಿಟ್ಟು, ಗಾಡಿಯನ್ನೇ ನಿಂತಲ್ಲಿ ಗಿರಕಿ ಹೊಡೆಸಿ ಬಂದ ದಾರಿ ಹಿಡಿಯಬಹುದು. ಭಾರದ ಗಾಡಿಯನ್ನು ಹಾಗೆ ತಿರುಗಿಸಲು ಹೋದರೆ ಸ್ಟ್ಯಾಂಡು ಮಣ್ಣಿನಲ್ಲಿ ಇಳಿಯುತ್ತದೆ, ಇಲ್ಲವೇ ಬಾಗುತ್ತದೆ. ಒಬ್ಬಂಟಿ ಸವಾರನಿಗೆ ಮುಂದೆ ಹೋಗುವ ಧೈರ್ಯ ಬರುವುದು ಹಿಂದಕ್ಕೆ ಬರಬಲ್ಲೆ ಎಂಬ ಖಾತ್ರಿಯಿಂದ. ಆ ಖಾತ್ರಿಯನ್ನು ಯಾವ ಅಶ್ವಶಕ್ತಿಯೂ ಕೊಡುವುದಿಲ್ಲ.

ಶಕ್ತಿ ಜಾಸ್ತಿ ಇದ್ದರೆ ಏರು ಹತ್ತುವುದು ಸುಲಭ ಎನ್ನುವ ಮಾತಿಗೆ ಬರೋಣ. ಕೆಸರಿನಲ್ಲಿ ಹಿಂದಿನ ಟೈರು ನೆಲವನ್ನು ಎಷ್ಟು ಹಿಡಿಯುತ್ತದೋ ಅಷ್ಟು ಶಕ್ತಿ ಮಾತ್ರ ಗಾಡಿಯನ್ನು ಮುಂದೆ ಒಯ್ಯುತ್ತದೆ. ಉಳಿದದ್ದು ಚಕ್ರವನ್ನು ನಿಂತಲ್ಲೇ ಸುತ್ತಿಸಿ ಗುಂಡಿ ತೋಡುತ್ತದೆ. ಊರಿನವರು ಓಡಾಡುವ ದಾರಿ ಹಾಳಾಗುವುದೂ ಹೀಗೇ. (ಶೋಲಾ ಹುಲ್ಲುಗಾವಲಿನ ಮೇಲೆ ಚಕ್ರ ಹತ್ತಿಸುವವರ ಪರವಾಗಿ ನಾನು ಒಂದಕ್ಷರವನ್ನೂ ಬರೆಯುತ್ತಿಲ್ಲ. ಇಲ್ಲಿ ಹೇಳುತ್ತಿರುವುದೆಲ್ಲ ಈಗಾಗಲೇ ಇರುವ ಮಣ್ಣಿನ ದಾರಿಗಳ ಮಾತು.) ಆದ್ದರಿಂದ ಕೇಳಬೇಕಾದದ್ದು ಗರಿಷ್ಠ ಶಕ್ತಿ ಎಷ್ಟು ಎಂದಲ್ಲ, ಎಂಜಿನ್ ಎಷ್ಟು ಸುತ್ತಿನಲ್ಲಿ ಎಳೆಯಲು ಶುರುಮಾಡುತ್ತದೆ ಎಂದು. ಹಳೆಯ ಹಿಮಾಲಯನ್ 411 ತನ್ನ 32 ಎನ್‌ಎಂ ಟಾರ್ಕನ್ನು 4,000ದಿಂದ 4,500 ಆರ್‌ಪಿಎಂ ಒಳಗೇ ಕೊಡುತ್ತಿತ್ತು. ಹೊಸ 450 ಕೊಡುವ 40 ಎನ್‌ಎಂಗೆ 5,500 ಬೇಕು. ಕೆಟಿಎಂ 390ರ 39 ಎನ್‌ಎಂಗೆ 6,500. ಅಂಕಿ ಏರಿದೆ, ಆದರೆ ಅದು ಸಿಗುವ ಜಾಗ ಮೇಲಕ್ಕೆ ಹೋಗಿದೆ. ನಡಿಗೆಯ ವೇಗದಲ್ಲಿ ಕಲ್ಲು ದಾಟುವವನಿಗೆ ಆ ಜಾಗ ಎಟುಕುವುದಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಎಕ್ಸ್‌ಪಲ್ಸ್ ಇಲ್ಲಿ ಇನ್ನೂ ಹಿಂದಿದೆ. 210ರ 20.7 ಎನ್‌ಎಂ ಸಿಗುವುದು 7,250ರಲ್ಲಿ. ಕಡಿದಾದ ಏರಿನಲ್ಲಿ ಕ್ಲಚ್ಚನ್ನು ಅರೆಬರೆ ಹಿಡಿದು ಎಂಜಿನ್ ಏರಿಸಿಟ್ಟುಕೊಳ್ಳಬೇಕಾಗುತ್ತದೆ. ಅದು ಆ ಗಾಡಿಯ ನಿಜವಾದ ದೋಷ. ಹೊರಬೇಕಾದ ಭಾರ ಕಡಿಮೆಯಿರುವುದರಿಂದ ಆ ದೋಷವನ್ನು ಕೈಚಳಕದಿಂದ ಸರಿದೂಗಿಸಬಹುದು. ತೂಕದ ದೋಷಕ್ಕೆ ಅಂಥ ಕೈಚಳಕವನ್ನು ಪಡೆಯಲು ವರ್ಷಗಟ್ಟಲೆ ಅಭ್ಯಾಸ ಬೇಕು, ಪಡೆದ ಮೇಲೂ ಗಾಡಿ ಬಿದ್ದಾಗ ಅದು ನೆರವಿಗೆ ಬರುವುದಿಲ್ಲ.

ದೊಡ್ಡ ಗಾಡಿಯ ಪರ ವಾದಿಸುವವರು ಚರಿತ್ರೆಯನ್ನು ಮುಂದಿಡುತ್ತಾರೆ: ಡಕಾರ್ ರ‍್ಯಾಲಿ, ಮರುಭೂಮಿ, ಬಿಎಂಡಬ್ಲ್ಯು. ಆ ಚರಿತ್ರೆಯನ್ನು ಪೂರ್ತಿ ಓದಿದರೆ ಅದು ಅವರ ವಿರುದ್ಧ ಸಾಕ್ಷಿ ಹೇಳುತ್ತದೆ. 1968ರಲ್ಲಿ ಬಂದ ಯಮಾಹಾ ಡಿಟಿ-1ರ ಮೇಲೆ ಅಮೆರಿಕದ ಜನ ಮುಗಿಬಿದ್ದದ್ದು ಅದು ಹಗುರವೆಂದು. ಅದುವರೆಗೆ ಅವರು ಕಾಡಿಗೆ, ಮರುಭೂಮಿಗೆ ಒಯ್ಯುತ್ತಿದ್ದ ದೊಡ್ಡ ಬ್ರಿಟಿಷ್ ಗಾಡಿಗಳೆದುರು ಈ 250 ಸಿಸಿಯ ಗಾಡಿ ತೂಗುತ್ತಿದ್ದದ್ದು ನೂರು ಕೆ.ಜಿ.ಗೆ ತುಸು ಮೇಲೆ. 1979ರ ಮೊದಲ ಪ್ಯಾರಿಸ್–ಡಕಾರ್ ಗೆದ್ದ ಸಿರಿಲ್ ನೆವೊ ಓಡಿಸಿದ್ದು ಒಂದೇ ಸಿಲಿಂಡರಿನ ಯಮಾಹಾ ಎಕ್ಸ್‌ಟಿ 500. 1980ರಲ್ಲಿ ಬಿಎಂಡಬ್ಲ್ಯು ಹೊರತಂದ ಆರ್ 80 ಜಿ/ಎಸ್ ಈ ದೊಡ್ಡ ಕುಲದ ಮೂಲಪುರುಷ. 50 ಅಶ್ವಶಕ್ತಿ, ಪೆಟ್ರೋಲ್ ತುಂಬಿಸಿದ ಮೇಲೆ ತೂಕ 186 ಕೆ.ಜಿ. ಇವತ್ತಿನ ಹಿಮಾಲಯನ್ 450ಗಿಂತ 10 ಕೆ.ಜಿ. ಕಡಿಮೆ! ಅದರ ಇಂದಿನ ಮೊಮ್ಮಗನಾದ 1300ಕ್ಕೆ ಅದಕ್ಕಿಂತ 51 ಕೆ.ಜಿ. ಹೆಚ್ಚು. ಹೆಸರು ಉಳಿದಿದೆ, ಗಾಡಿ ಬೇರೆಯೇ ಆಗಿದೆ.

ಡಕಾರ್ ರ‍್ಯಾಲಿಯಲ್ಲೇ 2011ರಿಂದ ಬೈಕುಗಳಿಗೆ 450 ಸಿಸಿಯ ಮಿತಿ ಇದೆ. ಹಿಂದಿನ ವರ್ಷ ಗೆದ್ದಿದ್ದ 690 ಸಿಸಿಯ ಕೆಟಿಎಂ ಹೊರಗೆ ಹೋಯಿತು. ಆ ನಿಯಮ ಬಂದದ್ದು ವೇಗ ತಗ್ಗಿಸಲು ಎಂದು ಯಾರಾದರೂ ಆಕ್ಷೇಪ ತೆಗೆಯಬಹುದು, ನಿಜ. ಆದರೆ ನಿಯಮ ಬಂದ ಮೇಲೆ ದೂರ ಕಿರಿದಾಗಲಿಲ್ಲ, ಮರಳು ಮೆತ್ತಗಾಗಲಿಲ್ಲ. ದಿನಕ್ಕೆ ನೂರಾರು ಕಿ.ಮೀ., ಅದರಲ್ಲಿ ಸಾಕಷ್ಟು ಭಾಗ ಸಾಮಾನ್ಯ ರಸ್ತೆಯ ಮೇಲೆ, ಎರಡು ವಾರ ಒಂದೇ ಸಿಲಿಂಡರಿನ 450ರ ಗಾಡಿ ಓಡುತ್ತದೆ. 2015ರಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್, 36ನೆಯ ಸ್ಥಾನ. ಅವರು ಮುಗಿಸಿದ್ದೂ 450 ಸಿಸಿಯ ಬೈಕಿನಲ್ಲಿ. ಜಗತ್ತಿನ ಅತಿ ಕಠಿಣ ರ‍್ಯಾಲಿಗೆ ಸಾಲುವುದು ನಮ್ಮ ವಾರಾಂತ್ಯದ ಸಕಲೇಶಪುರಕ್ಕೆ ಸಾಲದು ಎಂದು ಹೇಳುವವರು ಅದಕ್ಕೆ ಕಾರಣವನ್ನೂ ಹೇಳಬೇಕು.

ದೊಡ್ಡ ಅಡ್ವೆಂಚರ್ ಬೈಕಿನ ಹುಚ್ಚು ಹರಡಿದ್ದರಲ್ಲಿ 2004ರ ‘ಲಾಂಗ್ ವೇ ರೌಂಡ್’ ಸರಣಿಯ ಪಾಲು ದೊಡ್ಡದು. ನಟ ಯೂಅನ್ ಮೆಕ್‌ಗ್ರೆಗರ್ ಮತ್ತು ಚಾರ್ಲಿ ಬೂರ್ಮನ್ ಲಂಡನ್ನಿನಿಂದ ನ್ಯೂಯಾರ್ಕಿಗೆ ಪೂರ್ವದ ದಿಕ್ಕಿನಲ್ಲಿ ಬಿಎಂಡಬ್ಲ್ಯು ಆರ್ 1150 ಜಿಎಸ್ ಅಡ್ವೆಂಚರ್ ಗಾಡಿಗಳ ಮೇಲೆ ಹೋದರು. ಮಂಗೋಲಿಯಾದ ಕೆಸರಿನಲ್ಲಿ ಆ ಗಾಡಿಗಳು ಬೀಳುವುದನ್ನು, ಗಂಡಸರು ಸೋತು ಕೂರುವುದನ್ನು ಎಲ್ಲರೂ ನೋಡಿದ್ದಾರೆ. ಛಾಯಾಗ್ರಾಹಕ ಕ್ಲಾಡಿಯೊ ಫಾನ್ ಪ್ಲಾಂಟಾ ಅವರ ಗಾಡಿಯ ಚೌಕಟ್ಟೇ ಮುರಿದಾಗ ಅಲ್ಲೇ ಸಿಕ್ಕ ಒಂದು ಸಣ್ಣ ರಷ್ಯನ್ ಬೈಕು ಕೊಂಡು ಪ್ರಯಾಣ ಮುಂದುವರಿಸಿದರು. ಆ ಸರಣಿ ನೋಡಿ ಸಾವಿರಾರು ಜನ ಆರಿಸಿಕೊಂಡದ್ದು ಮುರಿದ ಗಾಡಿಯ ವಂಶದ್ದನ್ನು. ಸುಮಾರು ಅದೇ ಕಾಲದಲ್ಲಿ ಬ್ರಿಟನ್ನಿನ ಲೋಯಿಸ್ ಪ್ರೈಸ್ 225 ಸಿಸಿಯ ಯಮಾಹಾ ಸೆರೋ ಹತ್ತಿ ಅಲಾಸ್ಕಾದಿಂದ ದಕ್ಷಿಣ ಅಮೆರಿಕದ ತುದಿಯ ಉಶುಆಯಾವರೆಗೆ ಒಬ್ಬರೇ ಹೋಗಿಬಂದರು. ದೂರದ ಪ್ರಯಾಣಕ್ಕೆ ದೊಡ್ಡ ಎಂಜಿನ್ ಬೇಕೇಬೇಕು ಎನ್ನುವವರು ಈ ಎರಡನೆಯ ಪ್ರಯಾಣದ ಹೆಸರೆತ್ತುವುದಿಲ್ಲ.

ಇನ್ನು ಹೆದ್ದಾರಿಯ ವಾದ. ‘ಮಣ್ಣಿನ ದಾರಿ ಸಿಗುವ ತನಕ ಮುನ್ನೂರು ಕಿ.ಮೀ. ಟಾರಿನ ಮೇಲೆ ಓಡಬೇಕಲ್ಲ, ಅದಕ್ಕೆ ನೂರಿಪ್ಪತ್ತರಲ್ಲಿ ಆರಾಮವಾಗಿ ಹೋಗುವ ಗಾಡಿ ಬೇಕು.’ ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ಸರಕಾರ ಇಟ್ಟಿರುವ ಮಿತಿ ಗಂಟೆಗೆ 80 ಕಿ.ಮೀ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಿಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ, ಎಷ್ಟು ಸಿಸಿಯಾದರೂ ಪಕ್ಕದ ಸರ್ವಿಸ್ ರಸ್ತೆಯೇ ಗತಿ. ಕಾನೂನು ಬಿಡದ ವೇಗಕ್ಕಾಗಿ ದುಡ್ಡು ಕೊಟ್ಟು, ಆ ದುಡ್ಡಿನ ಜೊತೆ ಬರುವ ಭಾರವನ್ನು ಮಣ್ಣಿನಲ್ಲಿ ಹೊರುವುದು ಯಾವ ಲೆಕ್ಕ? ಲಾರಿಯನ್ನು ಹಿಂದೆ ಹಾಕುವಾಗ ಶಕ್ತಿ ಬೇಕು ಎಂಬ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. 19 ಪಿಎಸ್‌ನ ಗಾಡಿ ತೊಂಬತ್ತರ ಮೇಲೆ ನಡುಗುತ್ತದೆ, ಏದುತ್ತದೆ. ಆದರೆ ಇನ್ನೊಂದನ್ನು ನೆನಪಿಸಬೇಕು. 2016ರಲ್ಲಿ ಬಂದ ಹಿಮಾಲಯನ್ 411ರ ಶಕ್ತಿ ಹೆಚ್ಚುಕಡಿಮೆ 24 ಅಶ್ವಶಕ್ತಿ, ಕೊನೆಕೊನೆಗೆ ಅದರ ತೂಕ 199 ಕೆ.ಜಿ. ಅದೇ ಗಾಡಿಯಲ್ಲಿ ನಮ್ಮ ಜನ ಕನ್ಯಾಕುಮಾರಿಯಿಂದ ಲೇಹ್‌ವರೆಗೆ ವರ್ಷಗಟ್ಟಲೆ ಓಡಾಡಿದರು, ಹಾಡಿ ಹೊಗಳಿದರು. ಈಗ ಅಷ್ಟೇ ಶಕ್ತಿ ಸುಮಾರು 30 ಕೆ.ಜಿ. ಕಡಿಮೆ ತೂಕದಲ್ಲಿ ಸಿಗುತ್ತಿರುವಾಗ ‘ಹೆದ್ದಾರಿಗೆ ಸಾಲದು’ ಎನ್ನುತ್ತಿದ್ದೇವೆ. ರಸ್ತೆ ಬದಲಾಗಿಲ್ಲ, ಪಟ್ಟಿಯಲ್ಲಿ ಪಕ್ಕದ ಸಾಲಿನ ಅಂಕಿ ಬದಲಾಗಿದೆ.

ಲಡಾಖಿಗೆ ಹೋಗುವವರಿಗೆ ದೊಡ್ಡದು ಬೇಕು ಎಂಬ ಮಾತಿಗೆ ಹೆಚ್ಚು ಹೊತ್ತು ಬೇಡ. 5,359 ಮೀಟರಿನ ಖಾರ್ದುಂಗ್ ಲಾದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧದಷ್ಟು. ಎಂಜಿನ್ ಸೊರಗುತ್ತದೆ, ದೊಡ್ಡದಕ್ಕೆ ಉಳಿಯುವ ಶಕ್ತಿ ಹೆಚ್ಚು, ಸರಿ. ಅಲ್ಲಿ ಮನುಷ್ಯನ ಉಸಿರೂ ಅಷ್ಟೇ ಸೊರಗಿರುತ್ತದೆ. ಬಯಲಿನಲ್ಲಿ ಎತ್ತಬಲ್ಲ ಗಾಡಿಯನ್ನು ಅಲ್ಲಿ ಎತ್ತಲಾಗುವುದಿಲ್ಲ.

2011ರಲ್ಲಿ ಹೀರೊ ‘ಇಂಪಲ್ಸ್’ ಎಂಬ 150 ಸಿಸಿಯ ಗಾಡಿ ತಂದಿತ್ತು. ತೂಕ 134 ಕೆ.ಜಿ., ಶಕ್ತಿ 13 ಅಶ್ವಶಕ್ತಿ. ಮಲೆನಾಡಿಗೆ, ಬಯಲುಸೀಮೆಯ ಹೊಲದ ದಾರಿಗೆ ಅಂಥ ಗಾಡಿ ಅದಕ್ಕೆ ಮೊದಲು ನಮ್ಮಲ್ಲಿ ಬಂದಿರಲಿಲ್ಲ. ಇದೇ ದುಡ್ಡಿಗೆ ಇದಕ್ಕಿಂತ ಬಲದ ರಸ್ತೆ ಬೈಕು ಸಿಗುತ್ತದಲ್ಲ ಎಂದು ಜನ ಲೆಕ್ಕ ಹಾಕಿದರು, ಗಾಡಿ ಮಾರಾಟವಾಗದೆ ನಿಂತಿತು. ಆ ಜಾಗ ಮತ್ತೆ ತುಂಬಿದ್ದು 2019ರಲ್ಲಿ ಎಕ್ಸ್‌ಪಲ್ಸ್ 200 ಬಂದಾಗ. ನಡುವಿನ ವರ್ಷಗಳು ನಮಗೆ ದಂಡವಾದವು. ರೂಪಾಯಿಗೆ ಎಷ್ಟು ಸಿಸಿ ಎಂದು ಅಳೆಯುವ ಮಾರುಕಟ್ಟೆಯಲ್ಲಿ ಹಗುರ ಗಾಡಿ ಮಾಡುವ ಕಂಪನಿಗೆ ಸಿಗುವ ಪ್ರತಿಫಲ ಇದು.

ಈ ನಂಬಿಕೆಯಿಂದ ಹೊರಗುಳಿದವರ ಬಗ್ಗೆ ನನಗೆ ನಿಜವಾಗಿ ನೋವಿದೆ. ಕುಳ್ಳಗಿರುವವರು, ಹೆಂಗಸರು, ಐವತ್ತು ದಾಟಿದವರು, ಗುಂಪು ಕಟ್ಟಿಕೊಳ್ಳದೆ ಒಬ್ಬರೇ ಹೋಗಬಯಸುವವರು. ಸೀಟಿನ ಎತ್ತರ ನೋಡಿಯೇ ಅವರನ್ನು ಹೆದರಿಸಲಾಗುತ್ತದೆ. ಎಕ್ಸ್‌ಪಲ್ಸ್ 200ರ ಸೀಟಿನ ಎತ್ತರವೂ, ಕೆಳಗಿಳಿಸಿದ ಹಿಮಾಲಯನ್ 450ರ ಸೀಟಿನ ಎತ್ತರವೂ 825 ಮಿ.ಮೀ. ಆಸುಪಾಸು. ಪಟ್ಟಿಯಲ್ಲಿ ಎರಡೂ ಒಂದೇ. ಹಗುರ ಗಾಡಿಯಲ್ಲಿ ಪೃಷ್ಠವನ್ನು ಪಕ್ಕಕ್ಕೆ ಸರಿಸಿ ಒಂದು ಕಾಲಿನ ತುದಿಬೆರಳು ಊರಿದರೂ ನಿಲ್ಲಿಸಬಹುದು. ಭಾರದ ಗಾಡಿ ಒಂದಿಷ್ಟು ವಾಲಿದ ಮೇಲೆ ಆ ಒಂದು ಕಾಲಿಗೆ ತಡೆಯಲಾಗುವುದಿಲ್ಲ. ಐದಡಿ ಎರಡಂಗುಲದ ಸವಾರಳಿಗೆ ‘ಎತ್ತರ ಸಾಲದು, ಸ್ಕೂಟರ್ ತಗೋಮ್ಮ’ ಎಂದು ಹೇಳಿ ಕಳಿಸಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಹೇಳಿದವರಿಗೆ ಗೊತ್ತಿದ್ದದ್ದು ಸೀಟಿನ ಅಂಕಿ ಒಂದೇ. ಇತ್ತ ದೊಡ್ಡ ಗಾಡಿ ಕೊಂಡವರದ್ದೂ ಒಳ್ಳೆಯ ಪಾಡೇನಲ್ಲ. ಎತ್ತಲು ಜೊತೆಗಾರರಿಲ್ಲದೆ ಅವರು ಮಣ್ಣಿಗೆ ಇಳಿಯುವುದಿಲ್ಲ. ಟಾರು ಮುಗಿಯುವ ಕಡೆ ಫೋಟೊ ತೆಗೆದು ಹಿಂತಿರುಗುತ್ತಾರೆ. ಅವರು ಹೇಡಿಗಳೆಂದು ನಾನು ಹೇಳುವುದಿಲ್ಲ. ಅವರ ವಿವೇಕ ಸರಿಯಾಗಿಯೇ ಇದೆ, ಅವರಿಗೆ ಕೊಡಿಸಿದ ಗಾಡಿ ತಪ್ಪು.

ಕೆಟ್ಟ ರಸ್ತೆ ಬೇರೆ, ಮಣ್ಣಿನ ದಾರಿ ಬೇರೆ ಎಂಬುದನ್ನು ಹೋಲಿಕೆ ಮಾಡುವವರು ಮರೆತದ್ದರಿಂದಲೂ ಈ ಗೊಂದಲ ಬೆಳೆದಿದೆ. ಗುಂಡಿಬಿದ್ದ ಹೆದ್ದಾರಿ, ಕಿತ್ತುಹೋದ ಘಾಟಿ, ಸಮತಟ್ಟಾದ ಜಲ್ಲಿ ರಸ್ತೆ ಇವುಗಳ ಮೇಲೆ ಹಿಮಾಲಯನ್ 450 ಅತ್ಯುತ್ತಮ ಗಾಡಿ. ಎರಡೂ ಕಡೆ 200 ಮಿ.ಮೀ. ಓಡುವ ಸಸ್ಪೆನ್ಷನ್ ಗುಂಡಿಗಳನ್ನು ನುಂಗುತ್ತದೆ, ತೂಕ ಅದನ್ನು ಗಾಳಿಗೆ ಅಲ್ಲಾಡದಂತೆ ನಿಲ್ಲಿಸುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವವರಿಗೆ ನಾನೇ ಅದನ್ನು ಸೂಚಿಸುತ್ತೇನೆ. ಪರೀಕ್ಷೆಯ ಸವಾರರು ‘ಆಫ್ ರೋಡ್’ ಎಂದು ತೋರಿಸುವುದು ಹೆಚ್ಚಾಗಿ ಇದೇ ಜಲ್ಲಿ ರಸ್ತೆಯನ್ನು. ಅಲ್ಲಿ ಗೆದ್ದ ಗಾಡಿಗೆ ಕೊಟ್ಟ ಅಂಕವನ್ನು ನಂಬಿ ಕೊಂಡವನು ಜಾಡು ಬಿದ್ದ ಏರಿಗೆ ಹೋಗುತ್ತಾನೆ.

ದುಡ್ಡಿನ ವಿಷಯದಲ್ಲಿ ಈಗ ಹಗುರ ಗಾಡಿಗೆ ಒಳ್ಳೆಯ ಕಾಲ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿಯೊಳಗಿನ ಬೈಕುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ, ಅದರ ಮೇಲಿನವುಗಳದ್ದು ಶೇ 40ಕ್ಕೆ ಏರಿದೆ. ಶುರುವಿನಲ್ಲಿ 3.30 ಲಕ್ಷ ಬೆಲೆಯಿದ್ದ ಕೆಎಲ್‌ಎಕ್ಸ್ 230 ಇಲ್ಲೇ ತಯಾರಾಗತೊಡಗಿದ ಮೇಲೆ 2 ಲಕ್ಷದೊಳಕ್ಕೆ ಬಂತು. ಉಳಿದ ಹಣದಲ್ಲಿ ಒಳ್ಳೆಯ ಬೂಟು, ಮೊಣಕಾಲಿನ ಕವಚ, ಮಣ್ಣಿಗೆ ಹೊಂದುವ ಟೈರು ಕೊಳ್ಳಿ. ಕೆಸರಿಗೆ ಇಳಿಯುವ ಮೊದಲು ಟೈರಿನ ಗಾಳಿಯನ್ನು 20 ಪಿಎಸ್‌ಐ ಹತ್ತಿರಕ್ಕೆ ಇಳಿಸಿ ನೋಡಿ. ಇನ್ನೂರು ಸಿಸಿ ಹೆಚ್ಚಿಸಿದರೂ ಸಿಗದ ಹಿಡಿತ ಅದರಿಂದ ಸಿಗುತ್ತದೆ. ಟ್ಯೂಬ್ ಇರುವ ಚಕ್ರವಾದರೆ ಅದಕ್ಕಿಂತ ತೀರಾ ಕೆಳಗೆ ಇಳಿಸಬೇಡಿ, ಕಲ್ಲು ಬಡಿದಾಗ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಟ್ಯೂಬು ಕತ್ತರಿಸುತ್ತದೆ.

ಹೋಲಿಕೆ ಬರೆಯುವ ಪತ್ರಿಕೆಗಳನ್ನು, ಚಾನೆಲ್ಲುಗಳನ್ನು ನಾನು ಕೇಳುವುದು ಇಷ್ಟು: ಮುಂದಿನ ಸಲ ಗಾಡಿಯನ್ನು ಒದ್ದೆ ಇಳಿಜಾರಿನಲ್ಲಿ ಮಲಗಿಸಿ, ಅರವತ್ತು ಕೆ.ಜಿ. ತೂಕದ ಒಬ್ಬ ಸವಾರರಿಂದ ಮೂರು ಸಲ ಎತ್ತಿಸಿ, ಆದದ್ದನ್ನು ಆದ ಹಾಗೆ ಪಟ್ಟಿಯ ಮೊದಲ ಸಾಲಿನಲ್ಲಿ ಅಚ್ಚು ಮಾಡಿ. ಅವರು ಮಾಡುವ ತನಕ ಕೊಳ್ಳುವವರು ಶೋರೂಮಿನಲ್ಲೇ ಅರ್ಧ ಪರೀಕ್ಷೆ ಮಾಡಬಹುದು. ಟೆಸ್ಟ್ ರೈಡ್ ಕೊಡಿ ಎನ್ನುವ ಮೊದಲು ಎಂಜಿನ್ ಆಫ್ ಮಾಡಿಸಿ, ಶೋರೂಮಿನ ಮುಂದಿನ ಇಳಿಜಾರಿನಲ್ಲಿ ಗಾಡಿಯನ್ನು ಒಬ್ಬರೇ ಹಿಂದಕ್ಕೆ ತಳ್ಳಿಕೊಂಡು ಮೇಲೆ ಹತ್ತಿಸಿ ನೋಡಿ. ನಿಮ್ಮನ್ನು ನೋಡಿ ಯಾರಾದರೂ ಸಹಾಯಕ್ಕೆ ಓಡಿಬಂದರೆ ಬೇಡವೆನ್ನಿ.